ಹಿಂದೆ ಯಾರೂ ಇಲ್ಲ

ಕಮಾನು ಕಟ್ಟಡಕ್ಕೆ ಎರಡು ಮೆಟ್ಟಿಲು. ಮುಂದಿನದು ಮರದ್ದು. ನಾಲ್ಕು ಜನ ಹೆಗಲು ತಾಗಿಸದೆ ಒಟ್ಟಿಗೆ ಹತ್ತಬಹುದು. ಹಿಂದಿನದು ಕಬ್ಬಿಣದ್ದು. ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದು. ಸುರುಳಿಯಾಗಿ ಮೇಲೇರುವ ಈ ಮೆಟ್ಟಿಲು ಪ್ರತಿ ಮಹಡಿಯಲ್ಲೂ ಕಕ್ಕಸಿನ ಹಿಂಬಾಗಿಲಿಗೆ ಹೋಗಿ ನಿಲ್ಲುತ್ತದೆ. ಬೇರೆಲ್ಲಿಗೂ ಹೋಗುವುದಿಲ್ಲ. ಕಕ್ಕಸು ತೊಳೆಯುವವರು ಹಿಂದಿನಿಂದ ಬರಬೇಕು, ತೊಳೆಯಬೇಕು, ಹಿಂದಿನಿಂದಲೇ ಹೋಗಬೇಕು. ಕಚೇರಿಯವರ ಕಣ್ಣಿಗೆ ಬೀಳಬಾರದು. ಕಟ್ಟಿದವರು ಏನೋ ಮರೆತು ಹೀಗೆ ಕಟ್ಟಿದ್ದಲ್ಲ, ಯೋಚಿಸಿಯೇ ಕಟ್ಟಿದ್ದರು. ನೂರು ವರ್ಷವಾದರೂ ಆ ಯೋಚನೆಗೆ ತುಕ್ಕು ಹಿಡಿದಿರಲಿಲ್ಲ.

ದೊಡ್ಡಕ್ಕ ಅದನ್ನು ಮೊದಲು ಹತ್ತಿದ್ದು ಹನ್ನೊಂದನೇ ವಯಸ್ಸಿಗೆ, ಅಮ್ಮನ ಬೆನ್ನ ಹಿಂದೆ. ಮೂರನೇ ಮಹಡಿಯಲ್ಲಿ ಅಮ್ಮ ಬಗ್ಗಿ ಉಜ್ಜುತ್ತಿದ್ದಳು. ಬಾಗಿಲಾಚೆ ಬೂಟಿನ ಸದ್ದಾಯಿತು. "ಒಳಗೆ ಯಾರಾದ್ರೂ ಇದ್ದೀರಾ?" ಅಂತ ಗಂಡಸಿನ ದನಿಯೊಂದು ಕೇಳಿತು. ಹುಡುಗಿ ಗಟ್ಟಿಯಾಗಿ "ನಾನಿದ್ದೀನಿ" ಅಂದಳು. ಅಮ್ಮ ಒದ್ದೆ ಕೈಯಲ್ಲೇ ಕೆನ್ನೆಗೆ ಬಿಗಿದಳು. ಕೈಯಲ್ಲಿದ್ದ ಆ್ಯಸಿಡ್ ನೀರು ಕಣ್ಣಿಗೆ ಸಿಡಿದು ಎರಡು ದಿನ ಉರಿ ಇಳಿದಿರಲಿಲ್ಲ.

"ಅವರು ಕೇಳೋದು ನಿನ್ನನ್ನಲ್ಲ. ಅವರಂಥವರು ಯಾರಾದ್ರೂ ಇದ್ದಾರಾ ಅಂತ ಕೇಳ್ತಾರೆ. ಯಾರೂ ಇಲ್ಲ ಸಾರ್ ಬನ್ನಿ ಅನ್ಬೇಕು. ಅಂದು ಹಿಂದಕ್ಕೆ ಬರ್ಬೇಕು" ಅಂದಳು ಅಮ್ಮ.

ಇನ್ನೊಂದು ಪಾಠವೂ ಇತ್ತು. ಮುಂದಿನವರು ಯಾರೇ ಹಿಂಬದಿಗೆ ಬರುತ್ತಿರುವುದು ಕಂಡರೆ ಮೇಸ್ತ್ರಿಯಾದವಳು ಬಕೆಟ್ಟಿನ ಹಿಡಿಯಿಂದ ಮೆಟ್ಟಿಲ ಕಂಬಿಗೆ ಮೂರು ಸಲ ಬಡಿಯಬೇಕು. ಆ ಸದ್ದು ಕೇಳಿದ್ದೇ ತಡ, ಇದ್ದವರೆಲ್ಲ ಬಾಗಿಲ ಹಿಂದೆ, ಗೋಡೆಯ ಹಿಂದೆ, ಎಲ್ಲಿ ಸಂದು ಸಿಕ್ಕರೆ ಅಲ್ಲಿ ಮಾಯವಾಗಬೇಕು, ಮೇಸ್ತ್ರಿಯೊಬ್ಬಳೇ ಉಳಿಯಬೇಕು. ಅಮ್ಮ ಮೇಸ್ತ್ರಿಯಾಗಿದ್ದಾಗ ಅಮ್ಮ ಬಡಿಯುತ್ತಿದ್ದಳು. ಅವಳು ಸತ್ತ ಮೇಲೆ ಬಕೆಟ್ಟು ಮಗಳ ಕೈಗೆ ಬಂತು. ಈಗ ಇಪ್ಪತ್ತೆರಡು ವರ್ಷದಿಂದ ಬಡಿಯುವವಳು ದೊಡ್ಡಕ್ಕ.

ಕಟ್ಟಡದ ಬೆನ್ನಿಗೆ ಒಂದು ಅಂಗಳ. ಅಂಗಳದ ಸುತ್ತ ಒಂಬತ್ತು ಕೋಣೆ. ಒಂದು ಕಾಲದಲ್ಲಿ ಕುದುರೆ ಕಟ್ಟುತ್ತಿದ್ದ ಕೋಣೆಗಳು. ಗೋಡೆಯಲ್ಲಿ ಕುದುರೆ ಕಟ್ಟುವ ಕಬ್ಬಿಣದ ಬಳೆಗಳು ಇನ್ನೂ ಇವೆ, ಬಟ್ಟೆ ಒಣಗಿಸುವ ಹಗ್ಗಕ್ಕೆ ಅನುಕೂಲ. ಕುದುರೆ ಹೋದ ಮೇಲೆ ತೊಳೆಯುವವರನ್ನು ತಂದು ಇರಿಸಿದರು. ಕಚೇರಿ ತೆರೆಯುವ ಮೊದಲೇ ಕಕ್ಕಸು ತೊಳೆದಿರಬೇಕಲ್ಲ, ದೂರದಲ್ಲಿದ್ದರೆ ಹೇಗೆ? ಇರಿ ಅಂದರು, ಇದ್ದರು. ಕಾಗದ ಯಾರೂ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ. ಒಂಬತ್ತು ಸಂಸಾರ, ಮೂರು ತಲೆಮಾರು. ದೊಡ್ಡಕ್ಕನದು ಮೂಲೆಯ ಕೋಣೆ, ಅವಳೊಬ್ಬಳೇ. ಪಕ್ಕದ್ದು ತಂಗಿಯದು.

ತಂಗಿಯ ಗಂಡ ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದ. ಎರಡನೇ ಮಹಡಿಯಿಂದ ಕಕ್ಕಸಿನ ಹೊಲಸು ತುಂಬಿದ ಡಬ್ಬ ಹೊತ್ತು ಇಳಿಯುವಾಗ ಆ ಕಬ್ಬಿಣದ ಮೆಟ್ಟಿಲಲ್ಲೇ ಜಾರಿದ್ದ. ಡಬ್ಬ ಮೇಲೆ, ಅವನು ಕೆಳಗೆ. ಸೊಂಟ ಮುರಿಯಿತು. ಎದೆಯಂತೂ ಆ್ಯಸಿಡ್ ಹೊಗೆ ಕುಡಿದು ಮೊದಲೇ ಕೆಟ್ಟಿತ್ತು. ಹಗಲೆಲ್ಲ ಕೆಮ್ಮುತ್ತಿದ್ದ. ಅವನ ಕೆಮ್ಮು ಕೇಳದಿದ್ದರೆ ಅಂಗಳದವರಿಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು.

ಆ ದಿನ ಬೆಳಿಗ್ಗೆ ಮ್ಯಾನೇಜರ್ ಹಿಂಬಾಗಿಲಿಗೆ ಬಂದು ನಿಂತ. ದೊಡ್ಡಕ್ಕನಿಗಿಂತ ಇಪ್ಪತ್ತು ವರ್ಷ ಚಿಕ್ಕವನು, ಆದರೂ ಏಕವಚನವೇ.

"ಹತ್ತು ಗಂಟೆಗೆ ದೊಡ್ಡವರು ಬರ್ತಾರೆ. ಹಿಂದೆಲ್ಲ ನೋಡ್ತಾರೆ. ಒಂದು ನರಪಿಳ್ಳೆ ಕಣ್ಣಿಗೆ ಬೀಳಬಾರದು. ಒಣಹಾಕಿದ ಬಟ್ಟೆ, ಪಾತ್ರೆ, ಏನೂ ಕಾಣಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್."

ಅದರಲ್ಲಿ ಗೊತ್ತಾಗದಿರುವಂಥದ್ದು ಏನಿತ್ತು? ಎಂಟು ಹೆಂಗಸರು ಸೇರಿ ಅಂಗಳ ಉಜ್ಜಿದರು. ಹಗ್ಗ ಬಿಚ್ಚಿದರು. ಪಾತ್ರೆ ಒಳಗಿಟ್ಟರು. ಹತ್ತು ಗಂಟೆಗೆ ಕೋಟು ಹಾಕಿದ ಮೂವರು, ಜೊತೆಗೆ ನಕ್ಷೆಯ ಹಲಗೆ ಹಿಡಿದ ಒಬ್ಬಳು ಹುಡುಗಿ ಬರುವುದು ಕಂಡಿತು. ದೊಡ್ಡಕ್ಕ ಕಂಬಿಗೆ ಮೂರು ಸಲ ಬಡಿದಳು. ಕಣ್ಣು ಮಿಟುಕಿಸುವುದರೊಳಗೆ ಅಂಗಳ ಬೋಳಾಯಿತು. ಒಂಬತ್ತು ಬಾಗಿಲೂ ಮುಚ್ಚಿದವು. ಅಷ್ಟರಲ್ಲಿ ತಂಗಿಯ ಕೋಣೆಯಿಂದ ಕೆಮ್ಮು ಶುರುವಾಯಿತು. ದೊಡ್ಡಕ್ಕ ಓಡಿಹೋಗಿ ಬಾಗಿಲ ಸಂದಿಯಲ್ಲಿ ಮುಖವಿಟ್ಟು, "ಕೆಮ್ಮಬೇಡಪ್ಪ, ಸ್ವಲ್ಪ ಹೊತ್ತು ತಡ್ಕೋ" ಅಂದಳು. ಒಳಗೆ ತಂಗಿ ಗಂಡನ ಬಾಯಿಗೆ ಅಂಗೈ ಒತ್ತಿ ಹಿಡಿದಳು. ಅವನ ಕಣ್ಣು ಹೊರಬಂದಂತೆ ಕಂಡವು, ಆದರೂ ಸದ್ದು ಬರಲಿಲ್ಲ.

ನಕ್ಷೆಯ ಹುಡುಗಿ ಒಳ್ಳೆಯವಳೇ. ಕಬ್ಬಿಣದ ಮೆಟ್ಟಿಲನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಅದರ ಹೂಬಳ್ಳಿಯ ಎರಕವನ್ನು ಬೆರಳಲ್ಲಿ ಸವರಿದಳು.

"ಎಷ್ಟು ಚೆನ್ನಾಗಿದೆ. ಇದನ್ನ ಉಳಿಸಲೇಬೇಕು" ಅಂದಳು ಕೋಟಿನವರಿಗೆ. ಆಮೇಲೆ ದೊಡ್ಡಕ್ಕನ ಕಡೆ ತಿರುಗಿ, "ಅಂಗಳ ಎಷ್ಟು ಕ್ಲೀನಾಗಿ ಇಟ್ಟಿದ್ದೀರಮ್ಮ. ಈ ಕೋಣೆಗಳಲ್ಲಿ ಯಾರಾದ್ರೂ ಇದ್ದಾರಾ?" ಅಂತ ಕೇಳಿದಳು.

"ಯಾರೂ ಇಲ್ಲ ಮೇಡಂ, ಬನ್ನಿ" ಅಂದಳು ದೊಡ್ಡಕ್ಕ.

ಯೋಚಿಸಿ ಹೇಳಿದ ಮಾತಲ್ಲ. ನಲವತ್ತೊಂದು ವರ್ಷ ನಾಲಿಗೆಯ ಮೇಲೆ ಕೂತಿದ್ದ ಮಾತು ಅದಾಗಿಯೇ ಇಳಿದು ಬಂತು. ಹುಡುಗಿ ಹಲಗೆಯ ಮೇಲೆ ಏನೋ ಬರೆದುಕೊಂಡಳು. ಆ ಒಂದು ಕ್ಷಣ ದೊಡ್ಡಕ್ಕನಿಗೆ ಬರೆದುಕೊಳ್ಳುವುದೇಕೆ, ಒಂದು ಮಾತು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಹುಡುಗಿ ಕ್ಲೀನಾಗಿದೆ ಅಂದಿದ್ದಳು, ಮ್ಯಾನೇಜರ್ ಹಿಂದೆ ನಿಂತು ತಲೆದೂಗಿದ್ದ. ಆ ಹೊಗಳಿಕೆ ಅವಳಿಗೆ ಹಿತವಾಗಿತ್ತು. ಮುಂದೆ ಎಷ್ಟೋ ದಿನ ಅವಳನ್ನು ಕೊರೆದದ್ದು ಆಡಿದ ಮಾತಿಗಿಂತ ಈ ಹಿತ.

ಒಂದು ತಿಂಗಳ ಮೇಲೆ ಮಣ್ಣು ಪರೀಕ್ಷೆಯ ಯಂತ್ರ ಬಂದು ಹಿಂದಿನ ಗೇಟಿಗೆ ಅಡ್ಡ ನಿಂತಿತು. ಹೊರಗೆ ಹೋಗಲು ದಾರಿಯಿಲ್ಲದೆ ಹೆಂಗಸರು ಮೊದಲ ಬಾರಿಗೆ ಮುಂಬಾಗಿಲಿಂದ ಹೊರಟರು. ಅಲ್ಲಿ ಕಮಾನಿನ ಕೆಳಗೆ ಒಂದು ನೋಟೀಸು ಅಂಟಿಸಿತ್ತು. ಅದು ಅಲ್ಲಿ ಇಪ್ಪತ್ತೈದು ದಿನದಿಂದ ಇತ್ತು. ಮುಂಬಾಗಿಲಿಗೆ ಬರದವರಿಗೆ ಮುಂಬಾಗಿಲಲ್ಲಿ ನೋಟೀಸು. ತಂಗಿಗೆ ಅಕ್ಷರ ಬರುತ್ತಿತ್ತು. ಬೆರಳಿಟ್ಟು ಗಟ್ಟಿಯಾಗಿ ಓದಿದಳು.

ಕಟ್ಟಡದ ಮುಂಭಾಗವನ್ನು ಪಾರಂಪರಿಕವೆಂದು ಉಳಿಸಿಕೊಳ್ಳುತ್ತಾರೆ. ಹಿಂಭಾಗ ಕೆಡವಿ ಮೂವತ್ತೆಂಟು ಮಹಡಿಯ ಟವರ್ ಎಬ್ಬಿಸುತ್ತಾರೆ. ಸಮೀಕ್ಷೆಯ ದಿನ ಅಲ್ಲಿ ವಾಸವಿದ್ದವರಿಗೆ ಅದೇ ಆವರಣದಲ್ಲಿ ಮನೆ ಕೊಡತಕ್ಕದ್ದು. ಆದರೆ ಹಿಂಭಾಗ ಖಾಲಿ ಇರುವುದನ್ನು ಸ್ಥಳದಲ್ಲೇ ವಿಚಾರಿಸಿ ದೃಢಪಡಿಸಿಕೊಳ್ಳಲಾಗಿದೆ. ಆಕ್ಷೇಪಣೆ ಇದ್ದವರು ನೋಟೀಸು ಹಚ್ಚಿದ ಮೂವತ್ತನೇ ದಿನ, ಅಂದರೆ ಬರುವ ಶುಕ್ರವಾರ, ಒಂದನೇ ಮಹಡಿಯ ದೊಡ್ಡ ಹಾಲಿಗೆ ಬರಬಹುದು.

"ಖಾಲಿ ಅಂತೆ" ಅಂದಳು ತಂಗಿ. "ಯಾರನ್ನೋ ವಿಚಾರಿಸಿದ್ದಾರಂತೆ. ಹಿಂದೆ ಯಾರೂ ಇಲ್ಲ ಅಂತ ಹೇಳಿದ್ದಾರಲ್ಲ, ಅವರ ನಾಲಿಗೆ ಸೇದಿಹೋಗ."

ದೊಡ್ಡಕ್ಕ ಪಕ್ಕದಲ್ಲೇ ನಿಂತಿದ್ದಳು. ಬಾಯೊಳಗೆ ನಾಲಿಗೆಯನ್ನು ಹಲ್ಲಿಗೆ ಒತ್ತಿ ನೋಡಿಕೊಂಡಳು.

ನಾನೇ ಹೇಳಿದ್ದು ಅಂತ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನ ಹೇಳೋಣ ಅಂದುಕೊಂಡಳು. ಮರುದಿನ ತಂಗಿ ತಟ್ಟೆಯಲ್ಲಿ ಊಟ ತಂದು ಮುಂದಿಟ್ಟು, "ಶುಕ್ರವಾರ ನೀನೇ ಮಾತಾಡ್ಬೇಕಕ್ಕ. ನಮ್ಮ ಕಡೆ ಹಿರಿಯಳು ನೀನೇ. ನನಗೆ ಸಿಟ್ಟು ಬಂದ್ರೆ ಮಾತು ಕೆಡುತ್ತೆ" ಅಂದಳು. ದೊಡ್ಡಕ್ಕ ತಲೆ ತಗ್ಗಿಸಿ ಉಂಡಳು. ಪಕ್ಕದ ಕೋಣೆಯಿಂದ ಕೆಮ್ಮು ಬಂದಾಗಲೆಲ್ಲ ಅವಳ ಮೈ ಕುಗ್ಗುತ್ತಿತ್ತು. ಮೊದಲೆಲ್ಲ ಕಿವಿಗೇ ಬೀಳದಿದ್ದ ಕೆಮ್ಮು ಈಗ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಅಂಗಳದ ಹೆಂಗಸರು ನಲ್ಲಿಯ ಹತ್ತಿರ ಕೂತು ನಕ್ಷೆಯ ಹುಡುಗಿಯನ್ನು ಬೈಯುತ್ತಿದ್ದರು, ಮ್ಯಾನೇಜರನ ಜನ್ಮ ಜಾಲಾಡುತ್ತಿದ್ದರು. ದೊಡ್ಡಕ್ಕನೂ ಹೂಂಗುಟ್ಟುತ್ತಿದ್ದಳು. ಇದಕ್ಕಿಂತ ನಾಚಿಕೆಗೇಡು ಬೇರೆ ಇಲ್ಲ.

ಬುಧವಾರ ಮ್ಯಾನೇಜರ್ ಅವಳನ್ನು ಮೆಟ್ಟಿಲ ಬುಡಕ್ಕೆ ಕರೆದ.

"ನಿನಗೊಂದು ಒಳ್ಳೆ ಸುದ್ದಿ. ಈ ಮೆಟ್ಟಿಲು ಬಿಚ್ಚಿ, ಬಣ್ಣ ಹೊಡೆದು, ಟವರಿನ ಕೆಳಗಿನ ಹಾಲಲ್ಲಿ ಗಾಜಿನ ಒಳಗೆ ನಿಲ್ಲಿಸ್ತಾರೆ. ಉದ್ಘಾಟನೆ ದಿನ ಹಳೇ ಕೆಲಸದವಳು ಅಂತ ನೀನು ಬಕೆಟ್ ಹಿಡ್ಕೊಂಡು ಅದರ ಮೇಲೆ ನಿಲ್ಲೋದು. ಫೋಟೋ ತೆಗೀತಾರೆ. ಆಮೇಲೆ ನಿನಗೆ ಅಲ್ಲೇ ಕೆಲಸ, ಯೂನಿಫಾರ್ಮು, ಇರೋಕೆ ಒಂದು ಕೋಣೆ."

"ಮಿಕ್ಕವರು ಸಾರ್?"

"ಮಿಕ್ಕವರು ಇದ್ದಾರೆ ಅಂತ ಎಲ್ಲಿದೆ? ನೀನೇ ತಾನೆ ಹೇಳಿದ್ದು, ಯಾರೂ ಇಲ್ಲ ಅಂತ. ನಾನು ಯಾರಿಗೂ ಹೇಳಿಲ್ಲ. ಶುಕ್ರವಾರ ನೀನೂ ಬಾಯಿ ಬಿಡಬೇಡ."

ಅವಳು ತಲೆಯಾಡಿಸಿದಳು. ಹೂಂ ಅನ್ನಲಿಲ್ಲ, ಆದರೆ ತಲೆ ಮೇಲೆ ಕೆಳಗೆ ಆಡಿತು. ಐವತ್ತೆರಡು ವರ್ಷದ ತಲೆ ಅದು, ಬೇರೆ ದಿಕ್ಕಿಗೆ ಆಡಿ ಅಭ್ಯಾಸವೇ ಇರಲಿಲ್ಲ. ಮ್ಯಾನೇಜರ್ ಹೋದ ಮೇಲೆ ಅವಳು ಮೆಟ್ಟಿಲು ಹತ್ತಿ ತಂಗಿಯ ಗಂಡ ಜಾರಿದ ಜಾಗದಲ್ಲಿ ಕೂತಳು. ಅಲ್ಲಿ ಒಂದು ಸರಳು ಬಾಗಿತ್ತು. ಅವನು ಬೀಳುವ ಮೊದಲೇ ಸರಿಮಾಡಿಸಿ ಅಂತ ತಾನೇ ಎರಡು ಸಲ ಹೇಳಿದ್ದಳು, ಮೂರನೇ ಸಲ ಹೇಳಲು ಹೆದರಿದ್ದಳು. ಬಣ್ಣ ಹೊಡೆಯುವಾಗ ಅದನ್ನೂ ನೆಟ್ಟಗೆ ಮಾಡುತ್ತಾರೆ ಅನ್ನಿಸಿ ಅವಳಿಗೆ ಅಳು ಬಂತು.

ಶುಕ್ರವಾರ ವಿಚಾರಣೆ ಹನ್ನೊಂದಕ್ಕೆ. ಎಂಟಕ್ಕೇ ಮ್ಯಾನೇಜರ್ ದೊಡ್ಡಕ್ಕನನ್ನು ಹಾಲಿಗೆ ಕಳಿಸಿದ, ನೆಲ ಒರೆಸಲು. ಹಾಲಿನ ನಡುವೆ ಮೇಜಿನ ಮೇಲೆ ಹೊಸ ಕಟ್ಟಡದ ಮಾದರಿ ಇಟ್ಟಿದ್ದರು. ಮುಂದೆ ಕಮಾನು, ಹಿಂದೆ ಗಾಜಿನ ಟವರ್. ಬೆರಳುಗುರಿನಷ್ಟು ಗಾತ್ರದ ಬಿಳಿ ಗೊಂಬೆಗಳನ್ನು ಅಲ್ಲಲ್ಲಿ ಅಂಟಿಸಿದ್ದರು. ಬ್ಯಾಗು ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು. ಒಂದು ನಾಯಿಯೂ ಇತ್ತು. ಅವಳು ಸುತ್ತ ಬಂದು ಹುಡುಕಿದಳು. ಬಕೆಟ್ಟು ಹಿಡಿದವರು ಯಾರೂ ಇರಲಿಲ್ಲ.

ಹನ್ನೊಂದಕ್ಕೆ ಅಂಗಳದವರು ಬಂದರು. ಕಬ್ಬಿಣದ ಮೆಟ್ಟಿಲು ಹೋಗುವುದು ಕಕ್ಕಸಿಗೆ, ಹಾಗಾಗಿ ಮುಂದಿನ ಮೆಟ್ಟಿಲೇ ಗತಿ. ಕಾವಲುಗಾರ ತಡೆದ. ತಂಗಿ ನೋಟೀಸು ತೋರಿಸಿ, "ಇಲ್ಲಿ ಬರಬಹುದು ಅಂತ ಬರೆದಿದೆ, ಹಾರಿಕೊಂಡು ಬನ್ನಿ ಅಂತ ಬರೆದಿಲ್ಲ" ಅಂದಳು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ಕು ಹೆಂಗಸರು ಎತ್ತಿಕೊಂಡರು. ನಾಲ್ಕೂ ಜನ ಸರಿಯಾಗಿ ಹಿಡಿಸಿದರು ಆ ಮೆಟ್ಟಿಲಲ್ಲಿ. ಮೇಲೆ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಅಂತ ಯಾರೂ ಅನ್ನಲಿಲ್ಲ.

ವಿಚಾರಣೆಗೆ ಬಂದಿದ್ದ ಸರ್ಕಾರಿ ಅಧಿಕಾರಿ ಕಡತ ಬಿಚ್ಚಿದ. ವಯಸ್ಸಾದವನು, ದನಿ ಮೆತ್ತಗೆ.

"ಹಿಂಭಾಗ ಖಾಲಿ ಅಂತ ವರದಿ ಇದೆ. ಊಹೆ ಮಾಡಿ ಬರೆದಿದ್ದಲ್ಲ. ಅಲ್ಲೇ ಇದ್ದ ಹೆಂಗಸು ಹೇಳಿದ್ದಾಳೆ."

"ಯಾವ ಹೆಂಗಸು ಸಾರ್? ನನ್ನ ಮುಂದೆ ಬಂದು ಹೇಳಲಿ" ಅಂದಳು ತಂಗಿ.

ನಕ್ಷೆಯ ಹುಡುಗಿ ತಲೆ ಎತ್ತಿ ಸುತ್ತ ನೋಡಿದಳು. ಅವಳ ಕಣ್ಣು ಗೋಡೆಗೆ ಅಂಟಿ ನಿಂತಿದ್ದ ದೊಡ್ಡಕ್ಕನ ಮೇಲೆ ಬಂದು ನಿಂತಿತು. ಮ್ಯಾನೇಜರ್ ದೊಡ್ಡಕ್ಕನನ್ನೇ ನೋಡುತ್ತ ಮೆಲ್ಲಗೆ ತಲೆ ಅಡ್ಡ ಆಡಿಸಿದ. ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ನಾನೇ ಹೇಳಿದ್ದು" ಅಂದಳು.

ತಂಗಿ ಕೇಳಿಸದವಳಂತೆ ನಿಂತಿದ್ದಳು.

"ನಾನೇ ಹೇಳಿದ್ದು ಸಾರ್. ಯಾರೂ ಇಲ್ಲ ಅಂತ. ಎಲ್ರೂ ಇದ್ರು. ಬಾಗಿಲು ಹಾಕ್ಕೊಂಡು ಒಳಗಿದ್ರು. ಇವನು ಕೆಮ್ತಿದ್ದ, ನಾನೇ ಕೆಮ್ಮಬೇಡ ಅಂದೆ."

"ಯಾಕೆ ಹಾಗಂದೆ?"

"ಯಾರಾದ್ರೂ ಇದ್ದಾರಾ ಅಂತ ಕೇಳಿದ್ರೆ ಹಾಗೇ ಅನ್ಬೇಕು ಸಾರ್. ನಮಗೆ ಹಾಗೇ ಕಲಿಸಿರೋದು."

ಕೋಟಿನವರಲ್ಲೊಬ್ಬ ನಕ್ಕ. ಅಧಿಕಾರಿ ಕನ್ನಡಕ ತೆಗೆದ.

"ನೋಡಮ್ಮ, ಅವತ್ತು ಇಲ್ಲ ಅಂದೆ, ಇವತ್ತು ಇದ್ದಾರೆ ಅಂತೀಯ. ಯಾವುದನ್ನ ನಂಬೋದು? ಟವರ್ ಬರುತ್ತೆ ಅಂತ ಗೊತ್ತಾದ ಮೇಲೆ ಎಲ್ಲಿಂದಲೋ ಬಂದು ಸೇರ್ಕೊಂಡು ಮನೆ ಕೇಳೋರು ಬೇಕಾದಷ್ಟು ಜನ. ಇವರೂ ನಿನ್ನೆ ಮೊನ್ನೆ ಬಂದವರಲ್ಲ ಅನ್ನೋದಕ್ಕೆ ಏನಿದೆ? ಕಾಗದ ಇದೆಯಾ?"

ಕಾಗದ ಇರಲಿಲ್ಲ. ಬಾಗಿಲಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಕಡತ ಮುಚ್ಚಲು ಕೈ ಹಾಕಿದ. ದೊಡ್ಡಕ್ಕನ ಕಾಲ ಬಳಿ ಅವಳು ನೆಲ ಒರೆಸಿದ ಬಕೆಟ್ಟು ಇತ್ತು, ತಗಡಿನದು, ಅಮ್ಮನ ಕಾಲದ್ದು. ಅವಳು ಅದನ್ನೆತ್ತಿಕೊಂಡು ನೀರು ತುಳುಕಿಸುತ್ತ ಹೋಗಿ, ಹಾಲಿನ ಬಾಗಿಲ ಪಕ್ಕದಲ್ಲಿ ಮೆಟ್ಟಿಲಿಗೆ ಕೂರಿಸಿದ್ದ ಹಿತ್ತಾಳೆಯ ಕಂಬಿಗೆ ಹಿಡಿಯಿಂದ ಮೂರು ಸಲ ಬಡಿದಳು.

ಬಾಗಿಲು ಬರಿದಾಯಿತು.

ಯಾರೂ ಯೋಚಿಸಲಿಲ್ಲ. ಕಾಲುಗಳೇ ನಡೆದುಬಿಟ್ಟವು. ಒಬ್ಬಳು ಬಾಗಿಲ ರೆಕ್ಕೆಯ ಹಿಂದೆ, ಇಬ್ಬರು ಕಂಬದ ಹಿಂದೆ, ಮಿಕ್ಕವರು ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ. ಒಂದು ಬಳೆಯ ಸದ್ದೂ ಇಲ್ಲ. ಹೋಗಲಾಗದೆ ಉಳಿದವನು ಕುರ್ಚಿಯಲ್ಲಿದ್ದವನೊಬ್ಬನೇ. ಅವನ ಪಕ್ಕದಲ್ಲಿ ತಂಗಿ, ಮುಖ ಗೋಡೆಯ ಕಡೆ. ಅವಳ ಅಂಗೈ ಗಂಡನ ಬಾಯಿಯನ್ನು ಒತ್ತಿ ಹಿಡಿದಿತ್ತು.

ನಗುತ್ತಿದ್ದ ಕೋಟಿನವನು ನಗು ನುಂಗಿಕೊಂಡ.

"ನೋಡಿ ಸಾರ್" ಅಂದಳು ದೊಡ್ಡಕ್ಕ. "ನಿನ್ನೆ ಮೊನ್ನೆ ಬಂದವರಿಗೆ ಇದು ಬರುತ್ತಾ? ಇದನ್ನ ಕಲಿಯೋಕೆ ಮೂರು ತಲೆಮಾರು ಬೇಕು. ಅವತ್ತೂ ಹೀಗೇ ಬಡಿದೆ, ಹೀಗೇ ಹೋದ್ರು. ನಿಮ್ಮ ಮೇಡಂ ಖಾಲಿ ಅಂತ ಬರ್ಕೊಂಡ್ರು. ನಾವು ಖಾಲಿ ಮಾಡಿ ತೋರಿಸಿದ್ವಿ."

ಆಮೇಲೆ ಮ್ಯಾನೇಜರನ ಕಡೆ ತಿರುಗಿದಳು. "ಆ ಗಾಜಿನ ಒಳಗೆ ನಾನು ನಿಲ್ಲಲ್ಲ. ನಿಮಗೆ ಅಷ್ಟು ಇಷ್ಟ ಇದ್ರೆ ನೀವೇ ಬಕೆಟ್ ಹಿಡ್ಕೊಂಡು ನಿಂತ್ಕೊಳಿ."

ನಕ್ಷೆಯ ಹುಡುಗಿ ತನ್ನ ಹಲಗೆಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡಿದ್ದಳು. "ನಾನು ಬಾಗಿಲು ತಟ್ಟಿ ನೋಡಬೇಕಿತ್ತು ಸಾರ್. ನೋಡಲಿಲ್ಲ" ಅಂದಳು. ಅಧಿಕಾರಿ ಮುಚ್ಚಲಿದ್ದ ಕಡತವನ್ನು ಮತ್ತೆ ಬಿಚ್ಚಿದ. ಇನ್ನೊಂದು ವಾರದೊಳಗೆ ಮತ್ತೆ ಸಮೀಕ್ಷೆಯಾಗಲಿ, ಅಲ್ಲಿಯವರೆಗೆ ಯಂತ್ರ ನಿಲ್ಲಲಿ ಅಂತ ಬರೆಸಿದ. ಬಾಗಿಲ ಹಿಂದಿನಿಂದ ಒಬ್ಬೊಬ್ಬರಾಗಿ ಹೊರಗೆ ಬಂದರು. ಯಾರ ತಲೆಯೂ ಮೇಲೆದ್ದಿರಲಿಲ್ಲ.

ಕೆಳಗಿಳಿಯುವಾಗ ದೊಡ್ಡಕ್ಕ ಕುರ್ಚಿಗೆ ಕೈ ಕೊಡಲು ಹೋದಳು. ತಂಗಿ ಆ ಕೈಯನ್ನು ಸರಿಸಿದಳು.

"ಅವತ್ತು ಬಡಿದಿದ್ದು ಗೊತ್ತಿಲ್ಲದೆ. ಇವತ್ತು ಗೊತ್ತಿದ್ದೂ ಬಡಿದೆ" ಅಂದಳು. "ಅವರೆಲ್ಲರ ಮುಂದೆ ನಮ್ಮನ್ನ ಕುಣಿಸಿ ತೋರಿಸಿದ್ಯಲ್ಲ ಅಕ್ಕ. ಇವರ ಬಾಯಿ ಮುಚ್ಚಿದ ಕೈ ನೋಡಿದ್ರೆ ನನಗೇ ಅಸಹ್ಯ ಆಗ್ತಿದೆ. ಇಷ್ಟು ದಿನ ನನ್ನ ಕೈಯಡುಗೆ ಉಂಡ್ಯಲ್ಲ, ಒಂದು ಮಾತು ಹೇಳೋಕಾಗಲಿಲ್ವಾ?"

ದೊಡ್ಡಕ್ಕ ಬೇರೆ ದಾರಿ ಇರಲಿಲ್ಲ ಅನ್ನಬಹುದಿತ್ತು. ಇತ್ತು. ನೋಟೀಸು ಓದಿದ ದಿನವೇ ಬಾಯಿ ಬಿಟ್ಟಿದ್ದರೆ ಎಲ್ಲರೂ ಕೂತು ಬೇರೆ ಏನಾದರೂ ಯೋಚಿಸಬಹುದಿತ್ತು. ಬಡಿದರೆ ಅವರು ಹೋಗುತ್ತಾರೆ ಅಂತ ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು. ಆ ಖಾತ್ರಿಯೇ ಅವಳ ಪಾಪ.

ಆರು ದಿನ ಅಂಗಳದಲ್ಲಿ ಅವಳೊಡನೆ ಯಾರೂ ಮಾತಾಡಲಿಲ್ಲ. ತಟ್ಟೆ ಬರಲಿಲ್ಲ. ಅವಳು ಬಕೆಟ್ಟಿನ ಹಿಡಿಯನ್ನು ಕಲ್ಲಿನಿಂದ ಜಜ್ಜಿ ಕಿತ್ತು ಚರಂಡಿಗೆ ಎಸೆದಳು. ಹಿಡಿಯಿಲ್ಲದ ಬಕೆಟ್ಟನ್ನು ಎರಡೂ ಕೈಯಲ್ಲಿ ತಬ್ಬಿ, ಎದೆಯೆಲ್ಲ ಒದ್ದೆ ಮಾಡಿಕೊಂಡು ನಾಲ್ಕು ಮಹಡಿ ಹತ್ತಿದಳು. ಸುತ್ತು ಸುತ್ತಿಗೂ ಕಬ್ಬಿಣ ಮೊಣಕೈ ತರಚುತ್ತಿತ್ತು. ತರಚಲಿ ಅಂದುಕೊಂಡಳು.

ಏಳನೇ ದಿನ ನಕ್ಷೆಯ ಹುಡುಗಿ ಬಂದಳು, ಅಧಿಕಾರಿಯೂ ಬಂದ. ಅಂಗಳದಲ್ಲಿ ಬಟ್ಟೆ ಒಣಗುತ್ತಿದ್ದವು. ಪಾತ್ರೆಗಳು ಹೊರಗಿದ್ದವು. ಎಂಟು ಬಾಗಿಲು ತೆರೆದಿದ್ದವು, ಹೊಸ್ತಿಲ ಮೇಲೆ ಜನ ನಿಂತಿದ್ದರು. ಹುಡುಗಿ ಒಂದೊಂದೇ ಬಾಗಿಲಿಗೆ ಹೋಗಿ ಬರೆದುಕೊಂಡಳು. ತಂಗಿಯ ಕೋಣೆಗೆ ಬಂದಾಗ ಒಳಗಿದ್ದವನು ಕೆಮ್ಮಿದ, ಯಾರೂ ತಡೆಯದೆ, ಕೆಮ್ಮು ತೀರುವವರೆಗೂ ಕೆಮ್ಮಿದ. ಹುಡುಗಿ ಅಷ್ಟೂ ಹೊತ್ತು ಕಾದು ನಿಂತಳು.

ಮೂಲೆಯ ಬಾಗಿಲು ಮಾತ್ರ ಮುಚ್ಚಿತ್ತು. ಒಳಗೆ ದೊಡ್ಡಕ್ಕ ಗೋಡೆಗೆ ಒರಗಿ ಕೂತಿದ್ದಳು. ಎಲ್ಲರನ್ನೂ ಇಲ್ಲವಾಗಿಸಿದವಳು ತಾನು, ತನ್ನನ್ನು ಬರೆಸಿಕೊಳ್ಳುವ ಮುಖ ಎಲ್ಲಿದೆ ಅಂತ ಬೆಳಿಗ್ಗೆಯೇ ಚಿಲಕ ಹಾಕಿಕೊಂಡಿದ್ದಳು. ಹೆಜ್ಜೆಯ ಸದ್ದು ಬಾಗಿಲ ಹತ್ತಿರ ಬಂದು ನಿಂತಿತು. ಹುಡುಗಿ ಈ ಸಲ ಬಾಗಿಲು ತಟ್ಟಿದಳು.

"ಇದರೊಳಗೆ ಯಾರಾದ್ರೂ ಇದ್ದಾರಾ?"

ದೊಡ್ಡಕ್ಕನ ನಾಲಿಗೆಯ ತುದಿಗೆ ಹಳೇ ಮಾತು ಬಂತು. ಅವಳು ಹಲ್ಲು ಕಚ್ಚಿ ಹಿಡಿದಳು. ಆದರೆ ಬೇರೆ ಮಾತೂ ಬರಲಿಲ್ಲ. ಹೊರಗಿನಿಂದ ತಂಗಿಯ ದನಿ ಕೇಳಿಸಿತು. ಅದರಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು.

"ಇದ್ದಾಳೆ. ಬರ್ಕೊಳಿ. ನಮ್ಮಕ್ಕ."

ದೊಡ್ಡಕ್ಕ ಗೋಡೆ ಹಿಡಿದು ಎದ್ದಳು. ಚಿಲಕಕ್ಕೆ ಕೈ ಹಾಕಿದಳು.

"ಇದ್ದೀನಿ ಮೇಡಂ" ಅಂದಳು.